ಗಿಟಾರ್ ಆಂಪಿನ ಗುಂಯ್ ಸದ್ದು ನಿಂತದ್ದು ಹೀಗೆ

ಕಲಬುರಗಿಯ ಮದುವೆ ಮಂಟಪಗಳಲ್ಲಿ ಅಕೌಸ್ಟಿಕ್ ಗಿಟಾರ್ ನುಡಿಸುವಾಗೆಲ್ಲ ಒಂದೇ ಗೋಳು. ಐದನೇ ತಂತಿ ಮೀಟಿದರೆ ಆಂಪ್ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಗುಂಯ್ ಎಂದು ಊಳಿಡುತ್ತಿತ್ತು, ಸಣ್ಣ ತಂತಿಗಳು ಪ್ಲಾಸ್ಟಿಕ್ ಡಬ್ಬಿ ಬಡಿದ ಹಾಗೆ. ಹೊಸ ತಂತಿ, ಹೊಸ ಕೇಬಲ್ ಹಾಕಿದೆ, ಏನೂ ಆಗಲಿಲ್ಲ. ಬೇಸ್ ಸೊನ್ನೆ ಮಾಡಿದರೆ ಗಿಟಾರಿನ ಜೀವವೇ ಹೋಗುತ್ತೆ, ಸುಮ್ನೆ ಮಾಡಬೇಡಿ.

ಕೊನೆಗೆ ಎಲ್ಲ ನಾಬ್ ನಡುವಿಗೆ ತಂದೆ. ಆಂಪಿಗೆ ಹೋಗುವ ಮೊದಲು ಸದ್ದನ್ನು ಹದ ಮಾಡುವ ಪ್ರಿಆಂಪಿನಲ್ಲಿ, ಸದ್ದಿನ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಬಟನ್ ಒತ್ತಿ, ಬಿಟ್ಟು ನೋಡಿ, ಗುಂಯ್ ಕಡಿಮೆ ಇದ್ದ ಕಡೆ ಬಿಟ್ಟೆ. ಆಮೇಲೆ ಒಂದೇ ಸ್ವರದ ಸುತ್ತಲಿನ ಸದ್ದನ್ನಷ್ಟೇ ತಗ್ಗಿಸುವ ನಾಚ್ ನಾಬನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋದಾಗ 110 ಹರ್ಟ್ಜ್ ಹತ್ತಿರ ಊಳು ತಟ್ಟನೆ ನಿಂತಿತು, ಐದನೇ ತಂತಿಯ ಸ್ವರವೇ ಅದು ಅಲ್ವಾ. ನಿಮ್ಮ ಗಿಟಾರಿಗೆ ಸ್ವಲ್ಪ ಆಚೀಚೆ ಇರಬಹುದು. ಸೌಂಡ್ ಮಿಕ್ಸರಿನಲ್ಲಿ 80 ಹರ್ಟ್ಜ್ ಲೋ ಕಟ್ (ಅದಕ್ಕಿಂತ ಕೆಳಗಿನ ಸದ್ದು ತಗ್ಗಿಸುವ ಬಟನ್) ಒತ್ತಿ, 1.5 ಕಿಲೋಹರ್ಟ್ಜ್ ಬಳಿ 4 ಡೆಸಿಬಲ್ ಇಳಿಸಿದೆ, ಡಬ್ಬಿ ಸದ್ದೂ ಹೋಯಿತು. ಟ್ರೆಬಲ್ ಮುಟ್ಟಲೇ ಇಲ್ಲ.