ಆರು ಬಳೆ, ಒಂದು ಬೊಟ್ಟು: ಕಣ್ಣು ಹಾರಿದ ಕಡೆ ನೆನಪೂ ಹೋಗುತ್ತಾ? ಮನೆಯಲ್ಲೇ ನೋಡುವುದು ಹೇಗೆ

ದಸರಾ ರಜೆಗೆ ಕುವೆಂಪುನಗರದ ನಮ್ಮ ಮನೆಗೆ ಬರುವ ಮಕ್ಕಳಿಗೆಲ್ಲ ಈ ಆಟ ಆಡಿಸುತ್ತೇನೆ. ನೋಟ ಥಟ್ಟನೆ ಒಂದು ಕಡೆಗೆ ನೆಗೆದಾಗ (ಅದನ್ನೇ ಇಲ್ಲಿ ಕಣ್ಣು ಹಾರುವುದು ಅನ್ನುತ್ತಿದ್ದೇನೆ, ರೆಪ್ಪೆ ಅದುರುವುದಲ್ಲ) ಆ ಕಡೆ ಇದ್ದದ್ದೇ ಹೆಚ್ಚು ನೆನಪಿರುತ್ತದಾ ಅಂತ ನೋಡುವ ಆಟ. ಮಕ್ಕಳು ಚೆನ್ನಾಗಿ ಆಡುತ್ತಾರೆ. ಆಡಿಸಲು ಕೂರುವ ದೊಡ್ಡವರೇ ಪ್ರತಿ ಸಲ ಒಂದೇ ಕಡೆ ಕೆಡಿಸುತ್ತಾರೆ.

ಮನೆಯಲ್ಲಿ ಬಿಡಿಯಾಗಿ ಉಳಿದಿರುವ ಬೇರೆ ಬೇರೆ ಬಣ್ಣದ 6 ಗಾಜಿನ ಬಳೆ ಹುಡುಕಿ. 3 ಸಾಲದು. ಕಣ್ಣು ಕಂಡದ್ದನ್ನು ಗಳಿಗೆಯ ಮಟ್ಟಿಗೆ ಇಟ್ಟುಕೊಳ್ಳುವ ನೆನಪು ಹೆಚ್ಚೂಕಮ್ಮಿ 3–4 ವಸ್ತು ಹಿಡಿಯುತ್ತದೆ, ಆಗ ಎಲ್ಲರೂ ಪಾಸ್! ಬಿಳಿ ಪಂಚೆ ಹಾಸಿ, ನಡುವೆ ಸ್ಟಿಕ್ಕರ್ ಬೊಟ್ಟು ಅಂಟಿಸಿ. ಆಡುವವರು ಕಣ್ಣು ಮುಚ್ಚಿರುವಾಗ ಸುತ್ತ ಅರ್ಧ ಗೇಣು ದೂರದಲ್ಲಿ ಬಳೆ ಇಡಿ, ಒಂದು ಸರಿಯಾಗಿ ಎಡಕ್ಕೆ, ಒಂದು ಬಲಕ್ಕೆ. ಸ್ಟೀಲ್ ತಟ್ಟೆಯಲ್ಲಿ ಇಡಬೇಡಿ, ಮಿನುಗುತ್ತದೆ. ಮೊಬೈಲಿನ ಮೆಮೊರಿ ಆಟಗಳೂ ಇದಕ್ಕೆ ದಂಡ. ಅಷ್ಟು ಪುಟ್ಟ ಪರದೆಯಲ್ಲಿ ಕಣ್ಣು ಹಾರುವುದಾದರೂ ಎಲ್ಲಿಗೆ?

ರಾತ್ರಿ ಆಡಿಸಿ, ಆಡಿಸುವವರು ಸ್ವಿಚ್ ಹತ್ತಿರ ನಿಲ್ಲಲಿ. ಆಡುವವರು "ಲಲಲ" ಅನ್ನುತ್ತಲೇ ಇರಬೇಕು, ಇಲ್ಲದಿದ್ದರೆ ಮನಸ್ಸಲ್ಲೇ "ಕೆಂಪು, ಹಸಿರು" ಅಂತ ಬಾಯಿಪಾಠ ಮಾಡಿಬಿಡುತ್ತಾರೆ. ಕಣ್ಣು ಬಿಟ್ಟು ಬೊಟ್ಟನ್ನೇ ನೋಡಲಿ.

ಈಗ ಎಲ್ಲರೂ ಎಡವುವ ಜಾಗ. ನೀವು "ಎಡ" ಅಂದ ಕೂಡಲೇ ಅವರು ಎಡದ ಬಳೆಗೆ ಕಣ್ಣು ಹಾರಿಸಬೇಕು, ದೀಪ ಆರಬೇಕು. ಯಾವಾಗ? ಕಣ್ಣು ಅಲುಗಿದ್ದನ್ನು ನೋಡಿಕೊಂಡು ಸ್ವಿಚ್ ಒತ್ತಿದರೆ ಕೆಟ್ಟಿತು, ಯಾಕೆಂದರೆ ಕಣ್ಣು ಹೊರಡುವುದಕ್ಕೆ ಸುಮಾರು 0.2 ಸೆಕೆಂಡ್ ಬೇಕಾದರೂ ಹಾರಾಟ 0.05 ಸೆಕೆಂಡಿನಲ್ಲಿ ಮುಗಿದಿರುತ್ತದೆ, ನಿಮ್ಮ ಬೆರಳು ಒತ್ತುವಷ್ಟರಲ್ಲಿ ಅವರು ಬಳೆಯನ್ನು ನೇರವಾಗಿ ನೋಡಿ ಆಗಿರುತ್ತದೆ. ಅವರ ಮುಖ ನೋಡಲೇಬೇಡಿ. "ಎಡ" ಮುಗಿಯುತ್ತಿದ್ದಂತೆ ಟಕ್ ಅಂತ ಒತ್ತಿ. ಕಣ್ಣು ಕತ್ತಲಲ್ಲಿ ಹಾರಲಿ ಬಿಡಿ, ನಮಗೆ ಬೇಕಾದದ್ದೂ ಅದೇ. ಕಣ್ಣು ಹೊರಡುವ ಮೊದಲೇ ಗಮನ ಆ ಜಾಗಕ್ಕೆ ಹೋಗಿರುತ್ತದೆ. ಕಣ್ಣು ತಲುಪದೇ ಇದ್ದರೂ ಆ ಬಳೆ ನೆನಪಿನಲ್ಲಿ ಕೂತಿರುತ್ತದೆ. ಅಗ್ಗದ ಎಲ್‌ಇಡಿ ಬಲ್ಬು ಮಾತ್ರ ಬೇಡ, ಕೆಲವು ಆಫ್ ಮಾಡಿದ ಮೇಲೂ ಮಿಣಿಮಿಣಿ ಅನ್ನುತ್ತವೆ.

ಪಂಚೆ ಮಡಿಚಿ, ದೀಪ ಹಾಕಿ, ಒಂದೇ ಪ್ರಶ್ನೆ ಕೇಳಿ. ಒಮ್ಮೆ ಎಡದ ಬಣ್ಣ, ಇನ್ನೊಮ್ಮೆ ಬೇರೆ ಜಾಗದ್ದು. ಆರೂ ಕೇಳಿದರೆ ಉತ್ತರ ಹೇಳುವಷ್ಟರಲ್ಲೇ ಉಳಿದದ್ದು ಅಳಿಸಿಹೋಗುತ್ತದೆ. 20 ಸಲವಾದರೂ ಆಡಿಸಿ, ಲೆಕ್ಕ ಬರೆದಿಡಿ. ಕಣ್ಣು ಹಾರಿದ ಕಡೆಯ ಬಳೆಗೇ ಸರಿ ಉತ್ತರ ಜಾಸ್ತಿ ಬರಬೇಕು. ಎಲ್ಲದಕ್ಕೂ ಸಮ ಬಂದರೆ ಸ್ವಿಚ್ ಹತ್ತಿರ ನಿಂತವರನ್ನು ಬದಲಾಯಿಸಿ.