ಮೊಣಕೈ ಕವಚ: ಉಕ್ಕಿನ ಬಟ್ಟಲು, ಹಿತ್ತಾಳೆಯ ಅಂಚು

14ನೇ ಶತಮಾನದ ಕೊನೆಯ ಹೊತ್ತಿಗೆ ಇಟಲಿಯ ಕುಶಲಕರ್ಮಿಗಳು ಉಕ್ಕಿನ ಕವಚದ ಅಂಚಿಗೆ ಹಿತ್ತಾಳೆ ಪಟ್ಟಿ ಕೂರಿಸುತ್ತಿದ್ದರು. ಉತ್ತರ ಇಟಲಿಯ ದಕ್ಷಿಣ ಟಿರೋಲ್ ಪ್ರಾಂತ್ಯದ ಕೂರ್ಬುರ್ಗ್ ಕೋಟೆಯಲ್ಲಿ ಅಂಥ ಕವಚವನ್ನು ಇಂದಿಗೂ ನೋಡಬಹುದು. ಕೌಟರ್ ಎನ್ನುವ ಮೊಣಕೈ ಕವಚವನ್ನು ಅದೇ ಬಗೆಯಲ್ಲಿ ಮನೆಯಲ್ಲೇ ಮಾಡಬಹುದು. ಆದರೆ ಕೈ ಸಲೀಸಾಗಿ ಮಡಚುವ ತನಕ ಅಲಂಕಾರಕ್ಕೆ ಕೈ ಹಾಕಬೇಡಿ.

ಬೇಕಾದದ್ದು: 18 ಗೇಜಿನ, ಅಂದರೆ ಸುಮಾರು 1.2 ಮಿ.ಮೀ. ದಪ್ಪದ ಸಿ.ಆರ್. (ಕೋಲ್ಡ್ ರೋಲ್ಡ್) ಉಕ್ಕಿನ ಶೀಟು, 0.6 ಮಿ.ಮೀ. ಹಿತ್ತಾಳೆ ತಗಡು, 4 ಮಿ.ಮೀ.ನ ನಾಲ್ಕು ಉಕ್ಕಿನ ರಿವೆಟ್, 2 ಮಿ.ಮೀ. ಹಿತ್ತಾಳೆ ತಂತಿ, 20 ಮಿ.ಮೀ. ಅಗಲದ ಚರ್ಮದ ಪಟ್ಟಿ, ಒಂದು ಬಕಲ್. ಸತು ಲೇಪಿಸಿದ ಜಿ.ಐ. ಶೀಟು ಬೇಡವೇ ಬೇಡ. ಕಾಯಿಸಿದರೆ ಅದರ ಸತುವಿನ ಹೊಗೆ ಜ್ವರ ತರಿಸುತ್ತದೆ.

ಕವಚದೊಳಗೆ ಹಾಕುವ, ಹತ್ತಿ ತುಂಬಿದ ಅಂಗಿಯ ತೋಳು ತೊಟ್ಟು, ಕೈ ಮಡಚಿ ಅಳತೆ ತೆಗೆಯಿರಿ. ಬರಿಗೈಯ ಅಳತೆಗೆ ಮಾಡಿದ್ದು ಆಮೇಲೆ ಏರುವುದೇ ಇಲ್ಲ. ರಟ್ಟಿನಲ್ಲಿ ಮೂರು ತುಂಡು ಕತ್ತರಿಸಿ: ನಡುವಿನ ಬಟ್ಟಲಿಗೆ ಸುಮಾರು 26 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲದ, ತುದಿಗೆ ಕಿರಿದಾಗುವ ಆಕಾರ. ಮೇಲೆ, ಕೆಳಗೆ 4 ಸೆಂ.ಮೀ. ಅಗಲದ ಎರಡು ಬಾಗಿದ ಪಟ್ಟಿಗಳು. ಇವು ಬಟ್ಟಲಿನ ಅಡಿಗೆ 1.5 ಸೆಂ.ಮೀ. ಸೇರಿರಬೇಕು.

ಮರದ ದಿಮ್ಮಿಯ ತಲೆಯಲ್ಲಿ 10 ಸೆಂ.ಮೀ. ಅಗಲ, 3 ಸೆಂ.ಮೀ. ಆಳದ ಗುಳಿ ತೋಡಿ. ಕಿವಿಗೆ ಹತ್ತಿ, ಕಣ್ಣಿಗೆ ಕನ್ನಡಕ. ದುಂಡು ಮುಖದ ಸುತ್ತಿಗೆಯಿಂದ ಅಂಚಿಗಿಂತ 2 ಸೆಂ.ಮೀ. ಒಳಗೆ ಶುರುಮಾಡಿ, ಸುತ್ತು ಸುತ್ತಾಗಿ ನಡುವಿಗೆ ಬನ್ನಿ. ಮೊದಲೇ ನಡುವಿಗೆ ಹೊಡೆದರೆ ಅಲ್ಲೇ ತಗಡು ತೆಳುವಾಗುತ್ತದೆ, ಕವಚ ಗಟ್ಟಿಯಾಗಿರಬೇಕಾದ ಜಾಗವೇ ಅದು. ಅಂಚಿನಲ್ಲಿ ಸುಕ್ಕು ಎದ್ದ ಕೂಡಲೇ ತಟ್ಟಿ ಇಳಿಸಿ. ಮಡಿಕೆ ಬಿದ್ದ ಸುಕ್ಕು ಆಮೇಲೆ ಬಿರುಕಾಗುತ್ತದೆ. ಸುತ್ತಿಗೆಯ ಸದ್ದು ಮಂದದಿಂದ ಖಣಖಣ ಎಂದಾದರೆ ಉಕ್ಕು ಬಿರುಸಾಗಿದೆ ಎಂದೇ ಅರ್ಥ. ಕೆಂಪಗೆ ಕಾಯಿಸಿ, ತಾನಾಗಿ ಆರಲು ಬಿಡಿ. ಆಳ 5 ಸೆಂ.ಮೀ. ಆದಾಗ ಕಬ್ಬಿಣದ ಗುಂಡಿನ ಮೇಲೆ ಹೊರಗಿನಿಂದ ಹಗುರವಾಗಿ ತಟ್ಟಿ ನಯಮಾಡಿ.

ಪಟ್ಟಿಗಳನ್ನೂ ತೋಳಿನ ದುಂಡಿಗೆ ಬಾಗಿಸಿ, ಒಂದೊಂದಕ್ಕೆ ಎರಡು ಬದಿಗೂ ಒಂದೊಂದು ರಿವೆಟ್ ಹಾಕಿ ಬಟ್ಟಲಿಗೆ ಜೋಡಿಸಿ. ರಿವೆಟ್ ಬಡಿಯುವಾಗ ಎರಡು ತಗಡುಗಳ ನಡುವೆ ಪೋಸ್ಟ್‌ಕಾರ್ಡಿನ ತುಂಡು ಇಟ್ಟು, ಆಮೇಲೆ ಎಳೆದುಬಿಡಿ. ಅಷ್ಟು ಸಡಿಲ ಸಾಕು. ರಿವೆಟ್ ಹೊರಗೆ ಚಾಚಿರುವುದು ಅದರ ವ್ಯಾಸದಷ್ಟಿರಲಿ. ಹೆಚ್ಚಾದರೆ ತಲೆ ಕೂರದೆ ವಾಲುತ್ತದೆ.

ಈಗ ಹಿತ್ತಾಳೆ. ನೇರ ಪಟ್ಟಿ ಬಾಗಿದ ಅಂಚಿಗೆ ಒಗ್ಗುವುದಿಲ್ಲ. ಅಂಚಿನ ಮೇಲೆ ಕಾಗದ ಒತ್ತಿ ತಿರುವನ್ನು ಗುರುತಿಸಿ, ಅದರಂತೆ 15 ಮಿ.ಮೀ. ಅಗಲಕ್ಕೆ ಕತ್ತರಿಸಿ. ಮಂದ ಬೆಳಕಿನಲ್ಲಿ ಮಸುಕು ಕೆಂಪು ಕಾಣುವಷ್ಟು ಕಾಯಿಸಿ ನೀರಿಗೆ ಹಾಕಿ, ಮೆದುವಾಗುತ್ತದೆ. ರಾಳ, ಇಟ್ಟಿಗೆ ಪುಡಿ, ಸ್ವಲ್ಪ ಎಣ್ಣೆ ಕಾಯಿಸಿ ಬೆರೆಸಿದ ಅರಗಿನ ಹಾಸಿಗೆಗೆ ಅಂಟಿಸಿ. ನಮ್ಮ ಬೆಳ್ಳಿ ಕೆಲಸದವರು ಬಳಸುವುದೂ ಇಂಥದ್ದನ್ನೇ. ಮೊಂಡು ಚಾಣದಿಂದ ಹಿಂದಿನಿಂದ ಎಲೆಯ ಉಬ್ಬು ಎಬ್ಬಿಸಿ, ತಿರುಗಿಸಿ ಮುಂದಿನಿಂದ ಗೆರೆ ತೀಡಿ. ಅರಗು ತಣ್ಣಗಿದ್ದರೆ ಸಿಡಿಯುತ್ತದೆ, ಬಿಸಿಯಾಗಿದ್ದರೆ ತಗಡು ಕುಸಿಯುತ್ತದೆ. ಉಗುರು ಒತ್ತಿದಾಗ ಗುರುತು ಮಾತ್ರ ಬೀಳುವ ಹದ ಸರಿ.

ಕೂರಿಸುವ ಮುನ್ನ ಉಕ್ಕಿಗೆ ಎಣ್ಣೆ ಸವರಿ. ಎರಡು ಲೋಹಗಳ ನಡುವೆ ಬೆವರು ನಿಂತರೆ ತುಕ್ಕು ಅಡಿಯಿಂದಲೇ ಹಿಡಿಯುತ್ತದೆ. ಪಟ್ಟಿಗೂ ಉಕ್ಕಿಗೂ 25 ಮಿ.ಮೀ.ಗೆ ಒಂದರಂತೆ ತೂತು ಕೊರೆದು, ಹಿತ್ತಾಳೆ ತಂತಿಯ ತುಂಡನ್ನು ರಿವೆಟ್‌ನಂತೆ ತೂರಿಸಿ, ನಡುವಿನಿಂದ ತುದಿಗೆ ಬಡಿಯುತ್ತಾ ಹೋಗಿ. ತುದಿಯಿಂದ ಶುರುಮಾಡಿದರೆ ನಡುವೆ ಪಟ್ಟಿ ಉಬ್ಬಿಕೊಳ್ಳುತ್ತದೆ. ಕೊನೆಗೆ ಮೊಣಕೈ ಮಡಿಕೆಯ ಬದಿಗೆ ಚರ್ಮದ ಪಟ್ಟಿ, ಬಕಲ್ ಹಾಕಿ. ಮೇಲಿನ ಪಟ್ಟಿಗೆ ಎರಡು ತೂತು ಕೊರೆದು, ಅವುಗಳಲ್ಲಿ ದಾರ ಪೋಣಿಸಿ ಹತ್ತಿ ತುಂಬಿದ ಅಂಗಿಯ ತೋಳಿಗೆ ಕಟ್ಟಿ. ಇಲ್ಲದಿದ್ದರೆ ಕವಚ ಮುಂಗೈಗೆ ಜಾರುತ್ತದೆ.