ಎಸ್‌ಎಂಪಿಎಸ್ ಆಯ್ಕೆ ಮಾಡೋಕೆ ನನಗೆ ನೆರವಾಗಿದ್ದು ಹೆಡ್‌ಲೈಟ್ ಬಲ್ಬು

ಮೂರು ವರ್ಷದಿಂದ ನಾನು ಜೋಡಿಸಿ ಕೊಟ್ಟ ಒಂದು ಕಂಪ್ಯೂಟರೂ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಡಬ್ಬ) ಸುಟ್ಟು ವಾಪಸ್ ಬಂದಿಲ್ಲ. ಅರವತ್ತೋ ಎಪ್ಪತ್ತೋ ಮಷಿನ್ ಆಗಿರಬಹುದು. ದಾವಣಗೆರೆ ಬೇಸಿಗೆ, ಕರೆಂಟ್ ಹೋಗಿ ಬರೋದು, ಎಲ್ಲವನ್ನೂ ತಡೆದುಕೊಂಡಿವೆ. ಶುರು ಮಾಡಿದಾಗ ಪಕ್ಕದ ಅಂಗಡಿ ಹುಡುಗ, "ಅಣ್ಣಾ, ಆರುನೂರಕ್ಕೆ ಸಿಗೋ ಡಬ್ಬಕ್ಕೆ ಮೂರು ಸಾವಿರ ಯಾರು ಕೊಡ್ತಾರೆ? ಒಳಗಿರೋದು ಯಾರಿಗೂ ಕಾಣಲ್ಲ" ಅಂದಿದ್ದ. ಈಗ ಅವನೂ ಮೂರು ಸಾವಿರದ್ದನ್ನೇ ಹಾಕುತ್ತಾನೆ.

ನನಗೆ ಬುದ್ಧಿ ಬಂದಿದ್ದು ವಿದ್ಯಾನಗರದ ಕಡೆಯ ಒಂದು ಫೋಟೋ ಸ್ಟುಡಿಯೋದಿಂದ. ಆಲ್ಬಂ ಎಕ್ಸ್‌ಪೋರ್ಟ್‌ಗೆ ಹಾಕಿದ ಕೂಡಲೇ ಮಷಿನ್ ರೀಸ್ಟಾರ್ಟ್. ರ‍್ಯಾಮ್ ಬದಲಿಸಿದೆ, ಪ್ರೊಸೆಸರ್‌ಗೆ ಬಿಸಿ ಇಳಿಸೋ ಪೇಸ್ಟ್ ಹಚ್ಚಿದೆ, ಎರಡು ಸಲ ವಿಂಡೋಸ್ ಹಾಕಿದೆ. ಹತ್ತು ದಿನ ಹೋಯಿತು. ಒಂದು ಸಂಜೆ ನಾನೇ ಹಾಕಿದ್ದ ಅಗ್ಗದ ಎಸ್‌ಎಂಪಿಎಸ್‌ನಿಂದ ಟಪ್ ಅಂತ ಸದ್ದು. ಬೋರ್ಡ್, ಹಾರ್ಡ್ ಡಿಸ್ಕ್ ಎರಡೂ ಹೋದವು. ಪುಣ್ಯಕ್ಕೆ ಮದುವೆ ಫೋಟೋಗಳು ಕ್ಯಾಮೆರಾ ಕಾರ್ಡ್‌ನಲ್ಲಿ ಇನ್ನೂ ಇದ್ದವು. ನನ್ನ ಕೈಯಿಂದ ಒಂಬತ್ತು ಸಾವಿರದ ಹತ್ತಿರ ಕೊಟ್ಟೆ. ಆ ಎಸ್‌ಎಂಪಿಎಸ್‌ನಲ್ಲಿ ನಾನು ಉಳಿಸಿದ್ದು ಎರಡೂವರೆ ಸಾವಿರ ಇರಬಹುದು.

ಸ್ಟಿಕರ್ ಮೇಲೆ 450 ವ್ಯಾಟ್ ಅಂತಲೇ ಇತ್ತು. ಕೆಳಗಿನ ಸಣ್ಣ ಅಕ್ಷರ ಓದಿದರೆ 12 ವೋಲ್ಟ್ ಲೈನಿಗೆ 14 ಆಂಪ್ಸ್. ಗುಣಿಸಿದರೆ 168 ವ್ಯಾಟ್, ಅಷ್ಟೇ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯೋದು ಆ ಲೈನಿನಿಂದಲೇ ಅಲ್ವಾ? ಅವತ್ತಿಂದ ನಾನು ದೊಡ್ಡ ಅಕ್ಷರ ನೋಡೋದು ಬಿಟ್ಟೆ. ಒಳ್ಳೆಯ 450 ವ್ಯಾಟಿನದರಲ್ಲಿ ಆ ಜಾಗದಲ್ಲಿ 36 ಆಂಪ್ಸ್ ಸುಮಾರು ಇರುತ್ತದೆ.

ಆದರೆ ಸ್ಟಿಕರ್ ಸುಳ್ಳೂ ಹೇಳಬಹುದು. ಅದಕ್ಕೆ ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬು ನಾಲ್ಕು ತಂದೆ. ಒಂದಕ್ಕೆ ನೂರರ ಆಸುಪಾಸು. ಒಂದು ಬಲ್ಬು ನಾಲ್ಕೂವರೆ ಆಂಪ್ಸ್ ಎಳೆಯುತ್ತದೆ. ಎಸ್‌ಎಂಪಿಎಸ್‌ನ ಹಸಿರು ವೈರ್ ಕಪ್ಪಿಗೆ ಸೇರಿಸಿ ಆನ್ ಮಾಡಿ, 12 ವೋಲ್ಟ್ ಲೈನಿಗೆ ಬಲ್ಬು ಹಚ್ಚಿ, ಮೀಟರ್ ಇಟ್ಟೆ. ಲೋಕಲ್ ಡಬ್ಬ ಮೂರನೇ ಬಲ್ಬಿಗೆ 10.9 ವೋಲ್ಟ್‌ಗೆ ಇಳಿಯಿತು. 11.4ರ ಕೆಳಗೆ ಹೋದರೆ ನನ್ನ ಲೆಕ್ಕದಲ್ಲಿ ಅದು ಫೇಲ್. ನಾಲ್ಕನೆಯದಕ್ಕೆ ಸುಟ್ಟ ವಾಸನೆ ಬಂತು. ಡಬ್ಬದ ಮೇಲೆ ಬ್ರಾಂಜ್ ಅನ್ನೋ ಗುರುತಿದ್ದ 450 ವ್ಯಾಟಿನದು ನಾಲ್ಕಕ್ಕೂ 11.9ರಲ್ಲೇ ನಿಂತಿತು.

ಇಲ್ಲೂ ಒಂದು ಸಲ ಎಡವಿದ್ದೆ. ಮೊದಲು ನಾಲ್ಕೂ ಬಲ್ಬು ಒಟ್ಟಿಗೆ ಹಚ್ಚಿದಾಗ ಒಳ್ಳೆಯದೇ ಆಫ್ ಆಗಿಬಿಟ್ಟಿತು. ಸುಮ್ನೆ ವಾಪಸ್ ಕಳಿಸೋಕೆ ಪ್ಯಾಕ್ ಮಾಡಿದ್ದೆ. ತಣ್ಣಗಿರೋ ಬಲ್ಬು ಹತ್ತುವ ಕ್ಷಣಕ್ಕೆ ಜಾಸ್ತಿ ಎಳೆಯುತ್ತದೆ, ಪ್ರೊಟೆಕ್ಷನ್ ಕೆಲಸ ಮಾಡಿತ್ತು. ಒಂದೊಂದಾಗಿ ಹಚ್ಚಬೇಕು. ಹಳೆಯ ಎಸ್‌ಎಂಪಿಎಸ್‌ಗೆ ಈ ಬಲ್ಬಿನ ಜೊತೆ ನಾನು ಇನ್ನೊಂದು ಪರೀಕ್ಷೆ ಮಾಡುತ್ತೇನೆ. ಅದು ನನ್ನ ಅಂಗಡಿಯ ಗುಟ್ಟು, ಇಲ್ಲಿ ಬರೆಯಲ್ಲ.

ಬ್ರಾಂಜ್ ಅನ್ನೋದಕ್ಕೂ ಮರುಳಾಗಬೇಡಿ. ಅದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನೋದರ ಗುರುತು, ಬಾಳಿಕೆಯದ್ದಲ್ಲ. ಬಾಳಿಕೆಗೆ ನಾನು ವಾರಂಟಿ ವರ್ಷ ನೋಡುತ್ತೇನೆ. ಐದು ಕೊಟ್ಟರೆ ಕಣ್ಣು ಮುಚ್ಚಿ ತಗೊಳ್ತೇನೆ, ಮೂರಕ್ಕೆ ಯೋಚಿಸುತ್ತೇನೆ.

ಹೊಸದು ಹಾಕಿದ ಮೇಲೂ ಒಂದು ಕಡೆ ಮಾನ ಹೋಗೋದರಲ್ಲಿತ್ತು. ಕರೆಂಟ್ ಹೋದ ಕೂಡಲೇ 600 ವಿಎ ಯುಪಿಎಸ್ ಕೀ ಅಂತ ಕೂಗಿ ಮಷಿನ್ ಆಫ್. ಹಳೆಯ ಡಬ್ಬಕ್ಕೆ ಇದೇ ಯುಪಿಎಸ್ ನಡೆಯುತ್ತಿತ್ತು. "ದುಡ್ಡು ಜಾಸ್ತಿ ಕೊಟ್ಟು ಇದಾ ಸಾರ್?" ಅಂದರು ಗಿರಾಕಿ. ಆ್ಯಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯೋದನ್ನು ಸರಿಹೊಂದಿಸುವ ಸರ್ಕ್ಯೂಟ್) ಇರೋ ಎಸ್‌ಎಂಪಿಎಸ್, ಯುಪಿಎಸ್ ಬ್ಯಾಟರಿಗೆ ಬದಲಾಗುವ ಗಳಿಗೆಯಲ್ಲಿ ಒಮ್ಮೆಲೇ ಎಳೆಯುತ್ತದೆ, ಸಣ್ಣ ಯುಪಿಎಸ್ ತಾಳಲ್ಲ. ನನ್ನಲ್ಲಿದ್ದ 1000 ವಿಎ ಇಟ್ಟೆ, ನಿಂತಿತು. ಈಗ ಯುಪಿಎಸ್ ಯಾವುದು ಅಂತ ಕೇಳದೆ ಎಸ್‌ಎಂಪಿಎಸ್ ಮಾರಲ್ಲ.

ಮಂಡಕ್ಕಿ ಭಟ್ಟಿ ಹತ್ತಿರ ಒಂದು ಬಿಲ್ಲಿಂಗ್ ಮಷಿನ್ ಇದೆ. ಆರು ತಿಂಗಳಿಗೆ ಎಸ್‌ಎಂಪಿಎಸ್ ಒಳಗೆ ಮಸಿ, ಹೊಟ್ಟಿನ ಧೂಳು ಮೆತ್ತಿಕೊಳ್ಳುತ್ತದೆ. ಗಾಳಿ ಎಳೆಯುವ ಕಡೆ ಸೊಳ್ಳೆ ಪರದೆ ಬಟ್ಟೆ ಕಟ್ಟಿ ನೋಡಿದೆ. ಹದಿನೈದು ದಿನಕ್ಕೆ ಬಟ್ಟೆಯೇ ಮುಚ್ಚಿಕೊಂಡು ಡಬ್ಬ ಕೈ ಇಡೋಕಾಗದಷ್ಟು ಬಿಸಿಯಾಯಿತು. ಕಿತ್ತು ಹಾಕಿದೆ. ಈಗ ಎರಡು ತಿಂಗಳಿಗೊಮ್ಮೆ ನಾನೇ ಹೋಗಿ, ಪ್ಲಗ್ ಕಿತ್ತು, ಫ್ಯಾನ್ ತಿರುಗದ ಹಾಗೆ ಕಡ್ಡಿ ಅಡ್ಡ ಇಟ್ಟು ಬ್ಲೋವರ್ ಹಿಡಿಯುತ್ತೇನೆ. ಇನ್ನೂರು ರೂಪಾಯಿ ಕೊಡುತ್ತಾರೆ, ಜೊತೆಗೆ ಒಂದು ಚೀಲ ಬಿಸಿ ಮಂಡಕ್ಕಿ.